ಆ ದುಡ್ಡು ಕಟ್ಟಿದ್ದು ಯಾರು?

ಕೇಳುಗರಿಗೆ ನಮಸ್ಕಾರ. ನಾನು ಮಕ್ಕಳ ಕಾನೂನು ಪಾಠ ಮಾಡುವವಳು. ವಿಚಾರಣಾ ಆಯೋಗ ಅಂದ ಕೂಡಲೇ ಜನ ಕೇಳುವುದು, ಎಷ್ಟು ಖರ್ಚಾಯಿತು ಅಂತ. ಕೇಳಲಿ, ತಪ್ಪೇನಿಲ್ಲ. ಜೊತೆಗೆ ಇನ್ನೊಂದನ್ನೂ ಕೇಳಬೇಕು: ಆ ದುಡ್ಡು ಕಟ್ಟಿದ್ದು ಯಾರು? ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಐರ್ಲೆಂಡ್ ದೇಶವನ್ನೇ ತೆಗೆದುಕೊಳ್ಳೋಣ. 2012ರಲ್ಲಿ ಗಾಲ್ವೇ ಊರಿನಲ್ಲಿ ತೀರಿಕೊಂಡ ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ ಅವರಿಂದ ಆ ದೇಶದ ಹೆಸರು ನಿಮಗೆ ಗೊತ್ತಿರುತ್ತದೆ. ಅಲ್ಲಿ ದಶಕಗಳ ಕಾಲ ಇಂಡಸ್ಟ್ರಿಯಲ್ ಸ್ಕೂಲ್ ಅಂತ ಇದ್ದವು. ಹೆಸರಿಗೆ ಸ್ಕೂಲು. ಬಡವರ ಮಕ್ಕಳು, ತಬ್ಬಲಿಗಳು, ಶಾಲೆ ತಪ್ಪಿಸಿದವರು, ಇಂಥವರನ್ನು ಕೋರ್ಟು ಅಲ್ಲಿಗೆ ಕಳಿಸುತ್ತಿತ್ತು. ನಡೆಸುತ್ತಿದ್ದದ್ದು ಕ್ರೈಸ್ತ ಸನ್ಯಾಸಿಗಳ, ಸನ್ಯಾಸಿನಿಯರ ಸಭೆಗಳು, ಅಂದರೆ ಧಾರ್ಮಿಕ ಸಂಘಗಳು. ಸರ್ಕಾರ ತಲೆಗಿಷ್ಟು ಅಂತ ದುಡ್ಡು ಕೊಡುತ್ತಿತ್ತು. ಮಕ್ಕಳು ಜಾಸ್ತಿಯಾದಷ್ಟೂ ದುಡ್ಡು ಜಾಸ್ತಿ.

ಡಬ್ಲಿನ್ನಿನ ಗೋಲ್ಡನ್‌ಬ್ರಿಜ್ ಎಂಬಲ್ಲಿ ಹೆಣ್ಣುಮಕ್ಕಳ ಒಂದು ಸಂಸ್ಥೆ ಇತ್ತು. ನಾನು ಎಲ್ಲಿ ಮಾತಾಡಿದರೂ ಅದರ ಕಥೆ ಹೇಳದೆ ಬಿಡುವುದಿಲ್ಲ. ಅಲ್ಲಿನ ಮಕ್ಕಳು ಪಾಠ ಮುಗಿದ ಮೇಲೆ ಒಂದು ಕೋಣೆಯಲ್ಲಿ ಕೂತು ಜಪಸರ ಕಟ್ಟಬೇಕಿತ್ತು. ನಮ್ಮ ಮಂಗಳೂರು ಕಡೆ ಕ್ರೈಸ್ತರ ಮನೆಗಳಲ್ಲಿ ಸಂಜೆ ಕೈಯಲ್ಲಿ ಹಿಡಿದು ಪ್ರಾರ್ಥಿಸುತ್ತಾರಲ್ಲ, ಅದೇ ಸರ. ದಾರದಲ್ಲಿ ಪೋಣಿಸುವುದಲ್ಲ, ತಂತಿಯಲ್ಲಿ. ಮಣಿ ತೂರಿಸಬೇಕು, ಇಕ್ಕಳದಲ್ಲಿ ತಂತಿ ಬಗ್ಗಿಸಿ ಕೊಕ್ಕೆ ಮಾಡಬೇಕು, ಕತ್ತರಿಸಬೇಕು, ಆಮೇಲೆ ಇನ್ನೊಂದು ಮಣಿ. ಹತ್ತು ಮಣಿಗೆ ಒಂದು ಕಟ್ಟು. ದಿನಕ್ಕೆ 60 ಕಟ್ಟು ಮುಗಿಸಬೇಕು. ಅಂದರೆ 600 ಮಣಿ, ಪ್ರೈಮರಿ ಶಾಲೆಯ ಹುಡುಗಿ! ತಂತಿ ಚುಚ್ಚಿ ಬೆರಳು ಗಾಯವಾಗುತ್ತಿತ್ತು. ಲೆಕ್ಕ ತಪ್ಪಿದರೆ, ಕೆಲಸ ಕೆಟ್ಟರೆ ಹೊಡೆತ. ಆ ಸರ ಮಾರಿ ಬಂದ ದುಡ್ಡು ಸಂಸ್ಥೆಗೆ. ಆ ಸರ ಹಿಡಿದು ಯಾರೋ ಎಲ್ಲೋ ದೇವರನ್ನು ಬೇಡಿಕೊಂಡಿದ್ದಾರೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಈಗ ಹೇಳುವಾಗಲೂ ಹೊಟ್ಟೆ ಉರಿಯುತ್ತದೆ. ಅಂದರೆ ಮೊದಲ ಕಂತು ಕಟ್ಟಿದ್ದು ಆ ಮಕ್ಕಳು, ಕೈಯಾರೆ ದುಡಿದು. ಇದನ್ನು ಯಾವ ಆಡಿಟ್ ವರದಿಯೂ ಖರ್ಚಿನ ಪಟ್ಟಿಗೆ ಸೇರಿಸುವುದಿಲ್ಲ.

ಆ ಮಕ್ಕಳು ಬೆಳೆದು ದೊಡ್ಡವರಾಗಿ ಬಾಯಿ ಬಿಟ್ಟರು. 1999ರಲ್ಲಿ ಪ್ರಧಾನಿ ಬರ್ಟಿ ಅಹರ್ನ್ ದೇಶದ ಪರವಾಗಿ ಕ್ಷಮೆ ಕೇಳಿದರು. 2000ದಲ್ಲಿ ಕಾನೂನು ಮಾಡಿ, ಮಕ್ಕಳಿಗಾದ ಹಿಂಸೆಯ ವಿಚಾರಣೆಗೆ ಆಯೋಗ ಕೂರಿಸಿದರು. ಎರಡು ವರ್ಷದಲ್ಲಿ ಮುಗಿಯುತ್ತದೆ, 25 ಲಕ್ಷ ಯೂರೊ ಸಾಕು ಅಂದುಕೊಂಡಿದ್ದರು. ವರದಿ ಬಂದದ್ದು 2009ರ ಮೇ ತಿಂಗಳಲ್ಲಿ. ಖರ್ಚು 8 ಕೋಟಿ 20 ಲಕ್ಷ ಯೂರೊ!

ಯಾಕೆ ಹೀಗಾಯಿತು? ಸಂತ್ರಸ್ತರು ಜಾಸ್ತಿ ಮಾತಾಡಿದ್ದರಿಂದಲ್ಲ. ಆ ಶಾಲೆಗಳ ಉಸ್ತುವಾರಿ ಶಿಕ್ಷಣ ಇಲಾಖೆಯದು, ಆಯೋಗಕ್ಕೆ ಹಣ ಕೊಡಬೇಕಾದದ್ದೂ ಅದೇ ಇಲಾಖೆ. ಯಾರ ಮೇಲೆ ವಿಚಾರಣೆಯೋ ಅವರ ಕೈಯಲ್ಲೇ ಬೀಗದ ಕೈ! ಕೆಲಸ ಮಾಡಲು ಬಿಡುತ್ತಿಲ್ಲ ಅಂತ ಅಧ್ಯಕ್ಷೆ ನ್ಯಾಯಮೂರ್ತಿ ಮೇರಿ ಲಾಫೊಯ್ 2003ರಲ್ಲಿ ಬಿಟ್ಟು ಹೋದರು. ಆಮೇಲೆ ನ್ಯಾಯಮೂರ್ತಿ ಶಾನ್ ರಯಾನ್ ಬಂದರು. ಇಂಥ ಶಾಲೆಗಳನ್ನು ನಡೆಸಿದ್ದ ಕ್ರಿಶ್ಚಿಯನ್ ಬ್ರದರ್ಸ್ ಸಭೆ ತಮ್ಮವರ ಹೆಸರು ಹಾಕಬಾರದು ಅಂತ ಕೋರ್ಟಿಗೆ ಹೋಯಿತು, ಕೊನೆಗೆ ವರದಿಯಲ್ಲಿ ತಪ್ಪಿತಸ್ಥರ ನಿಜ ಹೆಸರೇ ಬರಲಿಲ್ಲ. ಹೀಗೆ ಅಡ್ಡಗಾಲು ಹಾಕಿದರೆ ಖರ್ಚು ಏರದೆ ಇರುತ್ತದೆಯೇ?

ಈಗ ಪರಿಹಾರದ ಲೆಕ್ಕ. 15 ಸಾವಿರಕ್ಕೂ ಹೆಚ್ಚು ಜನರಿಗೆ ಸರಾಸರಿ ಸುಮಾರು 62 ಸಾವಿರ ಯೂರೊ ಸಿಕ್ಕಿತು. ಎಷ್ಟು ಸಿಕ್ಕಿತು ಅಂತ ಅವರು ಹೊರಗೆ ಹೇಳಿದರೆ ಅಪರಾಧ. ವಕೀಲರಿಗೆ ಹೋದದ್ದೇ 19 ಕೋಟಿ ಯೂರೊ ದಾಟಿತು. ಎಲ್ಲ ಸೇರಿ 150 ಕೋಟಿ ಯೂರೊ ಅಂತ ಅಲ್ಲಿನ ಲೆಕ್ಕ ಪರಿಶೋಧಕರೇ ಹೇಳಿದ್ದಾರೆ. ಶಾಲೆ ನಡೆಸಿದ ಸಭೆಗಳು ಕೊಟ್ಟದ್ದೆಷ್ಟು? 2002ರಲ್ಲಿ ಸರ್ಕಾರ 18 ಸಭೆಗಳ ಜೊತೆ ಒಪ್ಪಂದ ಮಾಡಿಕೊಂಡಿತು: ನೀವು 12 ಕೋಟಿ 80 ಲಕ್ಷ ಯೂರೊ ಕೊಡಿ, ಮುಂದೆ ಎಷ್ಟೇ ಬಂದರೂ ನಾವು ಹೊರುತ್ತೇವೆ. ಒಟ್ಟು ಎಷ್ಟಾಗುತ್ತದೆ ಅಂತ ಗೊತ್ತಾಗುವ ಮೊದಲೇ ಸಹಿ! ಆಮೇಲೆ ಸಭೆಗಳವರು ಇನ್ನಷ್ಟು ಕೊಡುತ್ತೇವೆ ಅಂದರು. ಆದರೂ 2015ರ ಕೊನೆಗೆ ಅವರಿಂದ ಬಂದದ್ದು ಒಟ್ಟು ಖರ್ಚಿನಲ್ಲಿ ಶೇಕಡಾ 13ರಷ್ಟು. ಉಳಿದದ್ದು ಅಲ್ಲಿನ ತೆರಿಗೆದಾರರ ತಲೆ ಮೇಲೆ. ಅವರಲ್ಲಿ ಆ ಮಣಿ ಪೋಣಿಸಿದ ಹೆಂಗಸರೂ ಇದ್ದಾರೆ, ಅಲ್ವಾ? ಅವರ ಪರಿಹಾರಕ್ಕೆ ಅವರೇ ಚಂದಾ ಕೊಟ್ಟಂತಾಯಿತು.

ಸಮಯ ಮುಗಿಯುತ್ತಾ ಬಂತಂತೆ, ಕೈಸನ್ನೆ ಮಾಡುತ್ತಿದ್ದಾರೆ. ನಮ್ಮ ಕಡೆಯದು ಬೇಗ ಹೇಳಿಬಿಡುತ್ತೇನೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಪ್ರತಿ ಬಾಲಮಂದಿರಕ್ಕೂ ಮೂರು ತಿಂಗಳಿಗೊಮ್ಮೆಯಾದರೂ ತಪಾಸಣಾ ಸಮಿತಿ ಹೋಗಬೇಕು. ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕು. ನಿಮ್ಮ ಊರಿನಲ್ಲಿ ಇಂಥ ಮನೆ ಇದ್ದರೆ, ಕೊನೆಯ ತಪಾಸಣೆ ಯಾವಾಗ ಆಯಿತು ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಅರ್ಜಿ ಶುಲ್ಕ 10 ರೂಪಾಯಿ. ಮಗುವೇ ಏನಾದರೂ ಹೇಳಿಕೊಂಡರೆ ಅರ್ಜಿ ಗಿರ್ಜಿ ಬೇಡ, ಕೂಡಲೇ 1098ಕ್ಕೆ ಫೋನ್ ಮಾಡಿ. ನಮಸ್ಕಾರ.