ಧಣಿಯ ಕಾಗದದಲ್ಲಿ ಓನಿ

ನಮಸ್ಕಾರ ಕೇಳುಗರೇ. ಗುಲಾಮರ ಚರಿತ್ರೆಯ ಬಗ್ಗೆ ಎಲ್ಲಿ ಮಾತಾಡಿದರೂ ಒಬ್ಬರಾದರೂ ಎದ್ದು ನಿಂತು, "ಅವರಿಗೆ ಓದುಬರಹವೇ ಇರಲಿಲ್ಲ, ದಾಖಲೆ ಎಲ್ಲಿಂದ ಬರಬೇಕು ಸಾರ್?" ಎನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ದಾಖಲೆ ಬೇಕಾದಷ್ಟಿದೆ. ನೀವು ತೆರೆದ ಕಪಾಟು ತಪ್ಪು, ಅಷ್ಟೇ. ಗುಲಾಮರನ್ನು ಹುಡುಕಬೇಕೇ? ಧಣಿಯ ಕಾಗದ ನೋಡಿ.

1796ರ ಮೇ ತಿಂಗಳು. ಅಮೆರಿಕದ ರಾಜಧಾನಿ ಆಗ ಫಿಲಡೆಲ್ಫಿಯಾ. ಅಲ್ಲಿನ ಪತ್ರಿಕೆಯಲ್ಲಿ ಒಂದು ಜಾಹೀರಾತು. ಅಧ್ಯಕ್ಷರ ಮನೆಯಿಂದ ಓನಿ ಜಡ್ಜ್ ಎಂಬ ಹುಡುಗಿ ಓಡಿಹೋಗಿದ್ದಾಳೆ, ಹಿಡಿದು ತಂದವರಿಗೆ 10 ಡಾಲರ್. ಅಧ್ಯಕ್ಷರು ಅಂದರೆ ಜಾರ್ಜ್ ವಾಷಿಂಗ್ಟನ್. ಹೌದು, ಅವರೇ. ಜಾಹೀರಾತು ಕೊಟ್ಟವನು ಮನೆವಾರ್ತೆ ನೋಡುತ್ತಿದ್ದ ಫ್ರೆಡರಿಕ್ ಕಿಟ್.

ಮೈಮೇಲೆ ಕಂದು ಚುಕ್ಕೆ ಜಾಸ್ತಿ, ಕಡುಕಪ್ಪು ಕಣ್ಣು, ದಟ್ಟ ಕಪ್ಪು ಕೂದಲು, ಸಪೂರ ಮೈ, ವಯಸ್ಸು ಸುಮಾರು 20. ಹಿಡಿಯಲೆಂದು ಬರೆದ ಸಾಲುಗಳು ಇವು. ಇವತ್ತು ಅವಳ ಮುಖ ನಮಗೆ ಕಾಣುವುದು ಇವುಗಳಲ್ಲೇ.

ಇನ್ನೂ ನಿಧಾನವಾಗಿ ಓದಿ. ಅವಳ ಬಳಿ ತರತರದ ಒಳ್ಳೆಯ ಬಟ್ಟೆಗಳಿವೆ ಎನ್ನುತ್ತಾನೆ. ಹಡಗಿನ ಖರ್ಚಿಗೆ ದುಡ್ಡೂ ಇದೆಯಂತೆ ಎನ್ನುತ್ತಾನೆ. ಜೊತೆಗೇ, ಹೋಗುತ್ತಾಳೆಂಬ ಅನುಮಾನವೇ ಇರಲಿಲ್ಲ, ಹೋಗುವಂಥದ್ದು ಏನೂ ಆಗಿರಲಿಲ್ಲ ಅಂತ! ಗಂಟು ಬಟ್ಟೆ, ಹಡಗಿಗೆ ದುಡ್ಡು. ಸಿಟ್ಟಿನಲ್ಲಿ ಸುಮ್ನೆ ಎದ್ದು ಹೋದವಳ ಹತ್ತಿರ ಇವೆಲ್ಲ ಇರುತ್ತವೆಯೇ? ಕಿಟ್ ತನಗೇ ಗೊತ್ತಿಲ್ಲದೆ ಅವಳ ಸಿದ್ಧತೆಗೆ ಸಾಕ್ಷಿ ಹೇಳಿಬಿಟ್ಟ.

1845ರಲ್ಲಿ, ಅವಳು ಓಡಿ ಸೇರಿದ್ದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪತ್ರಿಕೆಯೊಂದು ಮುದುಕಿ ಓನಿಯ ಮಾತನ್ನು ಅಚ್ಚು ಹಾಕಿತು. ವಾಷಿಂಗ್ಟನ್ ಮನೆಯವರು ತಮ್ಮೂರು ವರ್ಜೀನಿಯಾಕ್ಕೆ ಹೊರಡಲು ಗಂಟು ಕಟ್ಟುತ್ತಿದ್ದರು, ನಾನೂ ಕಟ್ಟುತ್ತಿದ್ದೆ, ಎಲ್ಲಿಗೆಂದು ಮಾತ್ರ ಗೊತ್ತಿರಲಿಲ್ಲ ಅಂದಳು. ಸಾಮಾನನ್ನು ಮೊದಲೇ ಗೆಳೆಯರಲ್ಲಿಗೆ ಸಾಗಿಸಿ, ಅವರೆಲ್ಲ ಊಟಕ್ಕೆ ಕೂತಾಗ ಹೊರಬಿದ್ದಳಂತೆ. ನೋಡಿ, ಬಟ್ಟೆಯ ಲೆಕ್ಕ ಸರಿಹೋಯಿತು!

ವಾಷಿಂಗ್ಟನ್ ಸುಮ್ಮನಿರಲಿಲ್ಲ. ಅವರ ಪರವಾಗಿ ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮತ್ ಬಂದರಿನ ಸುಂಕದ ಅಧಿಕಾರಿ ಅವಳನ್ನು ಹುಡುಕಿ ಮಾತಾಡಿಸಿದ. ಧಣಿಗಳು ತೀರಿಕೊಂಡ ಮೇಲೆ ಬಿಡುಗಡೆ ಕೊಡುವುದಾದರೆ ವಾಪಸ್ ಬರುತ್ತೇನೆ ಎಂದಳಂತೆ. ವಾಷಿಂಗ್ಟನ್ ಒಪ್ಪಲಿಲ್ಲ. ಅವಳೂ ಬರಲಿಲ್ಲ. 1848ರವರೆಗೆ ಅದೇ ನ್ಯೂ ಹ್ಯಾಂಪ್‌ಶೈರಿನಲ್ಲಿ ಬದುಕಿದಳು. ಗುಲಾಮ ಹುಡುಗಿ ದೇಶದ ಅಧ್ಯಕ್ಷರಿಗೇ ಷರತ್ತು ಹಾಕಿದ್ದು ನಮಗೆ ಗೊತ್ತಾಗಿರುವುದು ಎಲ್ಲಿಂದ? ಅಧ್ಯಕ್ಷರ ಪತ್ರವ್ಯವಹಾರದಿಂದ. ಧಣಿಯ ಕಾಗದ, ಮತ್ತೆ!

ಓನಿಯ ಮಾತು ಬಂದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರದ್ದು ಬೇರೆ ಪಟ್ಟಿ. ಹೆಚ್ಚಿನ ಕಡೆ ಅವರ ಹೆಸರಿಲ್ಲ. ಧಣಿಯ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಬಿಡುಗಡೆಯಾದ ಮೇಲೆ, 1870ರ ಗಣತಿಯಲ್ಲಿ ಹೆಸರು ಬರುತ್ತದೆ. ಅಲ್ಲಿಂದ ವಯಸ್ಸಿನ ಲೆಕ್ಕ ಹಿಡಿದು ಹಿಂದಕ್ಕೆ ಹೋಗಿ, ಧಣಿಯ ಉಯಿಲು, ಕ್ರಯಪತ್ರ, ಅಡಮಾನದ ಪತ್ರ ನೋಡಿ.

ನಮ್ಮ ಮಂಗಳೂರನ್ನು ಹೇಗೆ ಬಿಡಲಿ? 1132ರಲ್ಲಿ ಅಲ್ಲಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು, ಅಶು ಎಂಬ ಹೆಂಗಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅದು ನಮಗೆ ಸಿಕ್ಕಿರುವುದು ಕೈರೋದ ಹಳೆಯ ಯಹೂದಿ ಪ್ರಾರ್ಥನಾಲಯದ ಕಾಗದದ ರಾಶಿಯಲ್ಲಿ. ಅವನ ಆಳು ಬೊಮ್ಮನೂ ಅದೇ ರಾಶಿಯಲ್ಲಿದ್ದಾನೆ. ಬೊಮ್ಮ ಏಡನ್ನಿಗೆ ಹೋಗಿ ಮಾಡಿದ್ದನ್ನು ಹೇಳಲೇಬೇಕಿತ್ತು. ಆದರೆ ಗಾಜಿನಾಚೆಯಿಂದ ಕೈಸನ್ನೆ ಬಂತು. ನಮಸ್ಕಾರ.