ಬೆಟ್ಟ ಉರುಳಿಸುವವನ ಬಡಾಯಿ

ಕೇಳುಗರಿಗೆ ನಮಸ್ಕಾರ. ಇಂಗ್ಲಿಷಿನಲ್ಲಿ ರೊಡೊಮಾಂಟೇಡ್ ಎಂಬ ಪದವೊಂದಿದೆ. ನಿಘಂಟು ‘ಬಡಾಯಿ, ಜಂಭದ ಮಾತು’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತದೆ. ಅದನ್ನು ಓದಿದ ನಮ್ಮವರು ಕೂಡಲೇ ‘ಓಹೋ, ಉತ್ತರನ ಪೌರುಷ ಒಲೆಯ ಮುಂದೆ’ ಎನ್ನುತ್ತಾರೆ. ದಯವಿಟ್ಟು ಹಾಗೆನ್ನಬೇಡಿ. ಉತ್ತರ ಕೌರವಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದವನು. ಈ ಪದದ ಹಿಂದಿರುವವನು ಓಡಿದವನಲ್ಲ.

ಅವನ ಹೆಸರು ರೊಡೊಮೊಂಟೆ. ಇಟಲಿಯ ಕಾವ್ಯಗಳಲ್ಲಿ ಬರುವ ಆಲ್ಜಿಯರ್ಸಿನ ಅರಸ. ಅವನನ್ನು ಸೃಷ್ಟಿಸಿದವನು 15ನೆಯ ಶತಮಾನದ ಕವಿ ಬೋಯಾರ್ಡೊ, ಸ್ಕಾಂಡಿಯಾನೊ ಎಂಬ ಊರಿನ ಪ್ರಭು. ಅಲ್ಲಿನವರು ಹೇಳುವ ಕಥೆಯೊಂದಿದೆ, ನನಗೆ ಬಲು ಪ್ರಿಯವಾದದ್ದು. ಕಾವ್ಯಕ್ಕೆ ಆರ್ಭಟದ ವೀರನೊಬ್ಬ ಸಿದ್ಧನಾಗಿದ್ದಾನೆ, ಹೆಸರು ಮಾತ್ರ ಹೊಳೆಯುತ್ತಿಲ್ಲ. ಕವಿ ಬೇಟೆಗೆ ಹೋಗಿದ್ದಾನೆ. ಕಾಡಿನ ನಡುವೆ ಥಟ್ಟನೆ ಹೆಸರು ಬಂದೇಬಿಟ್ಟಿತು: ರೊಡಮೊಂಟೆ, ಬೆಟ್ಟ ಉರುಳಿಸುವವನು! ಬೇಟೆಯನ್ನು ಅಲ್ಲಿಗೇ ಬಿಟ್ಟು ಕುದುರೆ ಓಡಿಸಿಕೊಂಡು ಊರಿಗೆ ಬಂದ, ಇಗರ್ಜಿಯ ಗಂಟೆಗಳನ್ನೆಲ್ಲ ಬಾರಿಸಲು ಅಪ್ಪಣೆ ಮಾಡಿದ. ಜನ ಬೆಂಕಿ ಬಿತ್ತೆಂದುಕೊಂಡರೋ, ಪ್ರಭುವಿಗೆ ಮಗ ಹುಟ್ಟಿದನೆಂದುಕೊಂಡರೋ! ಒಂದು ಹೆಸರು ಸಿಕ್ಕಿತೆಂದು ಊರಿಗೆ ಊರನ್ನೇ ಎಬ್ಬಿಸಿದ ಕವಿ ಇನ್ನೊಬ್ಬನಿದ್ದರೆ ನನಗೆ ತೋರಿಸಿ. ಮುಂದೆ ಅರಿಯೊಸ್ಟೊ ಕವಿ ಆ ಹೆಸರಿನ ‘ಡ’ವನ್ನು ‘ಡೊ’ ಮಾಡಿದ. ಗಂಟೆಯ ಸದ್ದು ಇನ್ನಷ್ಟು ದಪ್ಪವಾಯಿತು.

ಕಥೆ ಸ್ವಲ್ಪ ಉದ್ದವಾಯಿತು, ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಇರಲಿ. ಈ ರೊಡೊಮೊಂಟೆ ಬಾಯಿಬಡುಕ ಹೌದು, ಹೇಡಿಯಲ್ಲ. ಫ್ರಾನ್ಸಿನ ಮೇಲೆ ದಂಡೆತ್ತಿ ಹೋಗುವ ಸಭೆಯಲ್ಲಿ ಎಚ್ಚರಿಕೆಯ ಮಾತಾಡಿದ ಹಿರಿಯರನ್ನು ಹೀಯಾಳಿಸಿದ, ಬಿರುಗಾಳಿಯನ್ನೂ ಲೆಕ್ಕಿಸದೆ ಹಡಗು ಹತ್ತಿದ, ಹಡಗುಗಳನ್ನು ಕಳೆದುಕೊಂಡ. ಬುದ್ಧಿಯಿಲ್ಲ ಎನ್ನಿ, ಧೈರ್ಯವಿಲ್ಲ ಎನ್ನಬೇಡಿ. 1516ರಲ್ಲಿ ಅಚ್ಚಾದ ಅರಿಯೊಸ್ಟೊನ ಕಾವ್ಯದಲ್ಲಿ ಒಬ್ಬನೇ ಪ್ಯಾರಿಸ್ಸಿನ ಕೋಟೆಯೊಳಗೆ ನುಗ್ಗಿ ಕಡಿದಾಡುತ್ತಾನೆ. ಕಾವ್ಯದ ಕಟ್ಟಕಡೆಯಲ್ಲಿ ರುಜ್ಜೆರೊ ಎಂಬ ವೀರ ಅವನನ್ನು ಕೊಲ್ಲುತ್ತಾನೆ. ಸಾಯುವಾಗಲೂ ಅವನು ಶರಣು ಎನ್ನಲಿಲ್ಲ.

ಅವನ ಹೆಸರೇ ಫ್ರೆಂಚರ ಬಾಯಲ್ಲಿ ಪದವಾಗಿ ಇಂಗ್ಲಿಷಿಗೆ ಬಂತು. ಬಡಾಯಿಗೆ ಗ್ಯಾಸ್ಕೊನೇಡ್ ಎಂಬ ಇನ್ನೊಂದು ಪದವೂ ಇದೆ, ಫ್ರಾನ್ಸಿನ ಗ್ಯಾಸ್ಕನಿ ಸೀಮೆಯವರ ಜಂಭದಿಂದ ಹುಟ್ಟಿದ್ದು, ಅದಕ್ಕೀಗ ಸಮಯವಿಲ್ಲ. ಬಡಾಯಿಗೇ ಇರುವ ಬ್ರಾಗಡೋಷಿಯೊ ಎಂಬ ಮತ್ತೊಂದು ಪದ ಮಾತ್ರ 1590ರಲ್ಲಿ ಇಂಗ್ಲಿಷ್ ಕವಿ ಸ್ಪೆನ್ಸರ್ ಕಟ್ಟಿದ ಪಾತ್ರದ ಹೆಸರು. ಕದ್ದ ಕುದುರೆಯೇರಿ ಮೆರೆಯುವ ಅಪ್ಪಟ ಹೇಡಿ ಅವನು. ಉತ್ತರನ ಒಲೆಯ ಪಕ್ಕ ಯಾರನ್ನಾದರೂ ಕೂರಿಸಲೇಬೇಕೆಂದರೆ ಅವನನ್ನು ಕೂರಿಸಿ. ನಮಸ್ಕಾರ.