ನಲ್ಲಿ ಒಣಗಿದಾಗ ಯಾರನ್ನು ಬೈಯುವುದು?

ಕೇಳುಗರಿಗೆ ನಮಸ್ಕಾರ. 2024ರ ಮಾರ್ಚ್ ತಿಂಗಳ ಬೆಂಗಳೂರು ನೆನಪಿದೆಯಲ್ಲ? ಊರ ತುಂಬ ಬೋರ್‌ವೆಲ್‌ಗಳು ಬತ್ತಿದ್ದವು. ತಮ್ಮ ಮನೆಯದ್ದೂ ಬತ್ತಿದೆ ಅಂತ ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಆಗ ಕೇಳಿಬರುತ್ತಿದ್ದ ಮಾತು ಒಂದೇ: ‘ಜನಕ್ಕೆ ಬುದ್ಧಿ ಇಲ್ಲ, ಸುಮ್ನೆ ನೀರು ಪೋಲು ಮಾಡ್ತಾರೆ.’

ಸಮುದಾಯ ಮನಶ್ಶಾಸ್ತ್ರ, ಅಂದರೆ ಜನರ ನಡತೆಯನ್ನು ಅವರ ಸುತ್ತಲಿನ ಪರಿಸರದ ಜೊತೆಗೇ ನೋಡುವ ಶಾಸ್ತ್ರ, ಈ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. 1965ರಲ್ಲಿ ಅಮೆರಿಕದ ಬಾಸ್ಟನ್ ಹತ್ತಿರದ ಸ್ವಾಂಪ್‌ಸ್ಕಾಟ್‌ನಲ್ಲಿ ಕೆಲವು ಮನಶ್ಶಾಸ್ತ್ರಜ್ಞರು ಸೇರಿದ್ದರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಚಿಕಿತ್ಸೆ ಕೊಟ್ಟರೆ ಸಾಲದು, ಅವರು ಬದುಕುವ ಬೀದಿ, ಶಾಲೆ, ಕೆಲಸದ ಜಾಗವನ್ನೂ ನೋಡಬೇಕು ಅನ್ನುವ ಯೋಚನೆ ಅಲ್ಲಿ ಗಟ್ಟಿಯಾಯಿತು. 1971ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ರಯಾನ್ ಇನ್ನೂ ಖಾರವಾಗಿ ಬರೆದರು. ಏಟು ತಿಂದವರ ಮೇಲೆಯೇ ತಪ್ಪು ಹೊರಿಸಿ ನಾವು ಕೈ ತೊಳೆದುಕೊಳ್ಳುತ್ತೇವೆ ಅನ್ನುವುದು ಅವರ ಸಿಟ್ಟು.

ಒಂದು ಅಪಾರ್ಟ್‌ಮೆಂಟ್ ತಗೊಳ್ಳಿ. ಲಿಫ್ಟ್ ಪಕ್ಕ ‘ನೀರು ಮಿತವಾಗಿ ಬಳಸಿ’ ಅಂತ ಚೀಟಿ ಅಂಟಿಸಿರುತ್ತಾರೆ. ಆದರೆ ಇಡೀ ಕಟ್ಟಡಕ್ಕೆ ಒಂದೇ ಮೀಟರ್. ಟ್ಯಾಂಕರ್ ಖರ್ಚನ್ನು ಮೇಂಟೆನೆನ್ಸ್‌ಗೆ ಸೇರಿಸಿ ಎಲ್ಲರಿಗೂ ಹಂಚುತ್ತಾರೆ. ನಾಲ್ಕು ಬಕೆಟ್‌ನಲ್ಲಿ ದಿನ ತಳ್ಳುವ ಅಜ್ಜಿಗೂ, ಬಾತ್‌ಟಬ್ ತುಂಬಿಸುವವರಿಗೂ ಅದೇ ಬಿಲ್ಲು. ಹೀಗಿರುವಾಗ ಯಾರು ಯಾಕೆ ಉಳಿಸಬೇಕು ಹೇಳಿ? ಮನೆಗೊಂದು ಮೀಟರ್ ಬಂದರೆ ಚೀಟಿ ಓದದವರೂ ನಲ್ಲಿ ನಿಲ್ಲಿಸುತ್ತಾರೆ.

ಅದೇ ಬೇಸಿಗೆಯಲ್ಲಿ ಹೋಟೆಲು, ಮಾಲ್‌ಗಳ ನಲ್ಲಿಗೆ ಏರಿಯೇಟರ್ ಕಡ್ಡಾಯ ಮಾಡಿದರಲ್ಲ, ಅದೂ ಇದೇ ದಾರಿ. ನಲ್ಲಿಯ ಬಾಯಿಗೆ ಹಾಕುವ ಪುಟ್ಟ ಜಾಲರಿ ಅದು. ನೀರಿಗೆ ಗಾಳಿ ಬೆರೆಸುತ್ತದೆ. ಧಾರೆ ತುಂಬಿದ ಹಾಗೇ ಕಾಣುತ್ತದೆ, ನೀರು ಮಾತ್ರ ಕಡಿಮೆ. ಕೈ ತೊಳೆಯುವವರಿಗೆ ಯಾರೂ ಉಪದೇಶ ಮಾಡಬೇಕಿಲ್ಲ. ದಂಡಕ್ಕಿಂತ ಇದೇ ಜಾಣತನ ಅಂತ ನನಗನ್ನಿಸುತ್ತದೆ.

ಮೀಟರು, ಜಾಲರಿ ಎಲ್ಲ ನಲ್ಲಿ ಇದ್ದವರ ಮಾತಾಯಿತು. ಶುದ್ಧ ನೀರಿನ ಘಟಕದ ಮುಂದೆ 20 ಲೀಟರ್ ಕ್ಯಾನ್ ಹಿಡಿದು ನಿಲ್ಲುವವರು ಏನನ್ನು ಉಳಿಸಬೇಕು? ಸಮುದಾಯ ಮನಶ್ಶಾಸ್ತ್ರಜ್ಞ ಜೂಲಿಯನ್ ರ‍್ಯಾಪಪೋರ್ಟ್ 1981ರಲ್ಲಿ ಸಬಲೀಕರಣದ ಬಗ್ಗೆ ಬರೆದದ್ದು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ನೆರವು ಕೊಟ್ಟರೆ ಮುಗಿಯಲಿಲ್ಲ, ತಮ್ಮ ಬದುಕಿನ ಹಿಡಿತ ಜನರ ಕೈಗೇ ಬರಬೇಕು ಎಂದರು ಅವರು. ಘಟಕ ಹತ್ತು ಗಂಟೆಗೆ ತೆರೆದರೆ ಎಂಟಕ್ಕೇ ಗಾರ್ಮೆಂಟ್ಸ್‌ಗೆ ಹೊರಡುವ ಹೆಣ್ಣುಮಕ್ಕಳು ಏನು ಮಾಡಬೇಕು? ಆ ಸಮಯ ಗೊತ್ತು ಮಾಡುವಾಗ ಅವರನ್ನು ಯಾರಾದರೂ ಕೇಳುತ್ತಾರಾ? ನಿಮ್ಮ ವಾರ್ಡಿನಲ್ಲಿ ಸಭೆ ನಡೆದರೆ ಈ ಪ್ರಶ್ನೆ ಎತ್ತಿ. ಸಭೆಯನ್ನೂ ಸಂಜೆ ಏಳರ ಮೇಲೆ ಇಡಲು ಹೇಳಿ, ಅಷ್ಟರಲ್ಲಿ ಅವರು ಕೆಲಸ ಮುಗಿಸಿ ಬಂದಿರುತ್ತಾರೆ. ನಮಸ್ಕಾರ.